ಸೊಲ್ಲಾಪುರದ ಸೆಟ್ಲಮೆಂಟು ಮತ್ತು ತಂದೆತಾಯಿಯ ಹಕ್ಕು

ಗಡಿಯಾಚೆಯ ಕನ್ನಡ ಅಂದಕೂಡಲೆ ನಾವು ಶಾಸನ, ಮಠ, ಕನ್ನಡ ಶಾಲೆಗಳ ಮಾತಾಡ್ತೀವಿ. ಇವತ್ತು ನಾನು ಸೊಲ್ಲಾಪುರದ ತಂತಿಬೇಲಿಯ ಒಳಗಿನ ಒಂದು ಪ್ರಶ್ನೆ ಎತ್ತಿಕೊಳ್ತೀನಿ. ಸರ್ಕಾರ ಕೂಡಿಹಾಕಿದ ತಂದೆತಾಯಿಗೆ ತಮ್ಮ ಮಗುವಿನ ಮೇಲೆ ಹಕ್ಕು ಉಳಿಯುತ್ತದೆಯೇ?

ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂದದ್ದು 1871ರಲ್ಲಿ, ಮೊದಲು ಉತ್ತರ ಭಾರತಕ್ಕೆ. 1897ರ ತಿದ್ದುಪಡಿ ನಾಲ್ಕರಿಂದ ಹದಿನೆಂಟು ವರ್ಷದ ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಲು ದಾರಿ ಮಾಡಿತು. 1911ರಲ್ಲಿ ಕಾಯ್ದೆ ಇಡೀ ಬ್ರಿಟಿಷ್ ಭಾರತಕ್ಕೆ ಹಬ್ಬಿತು. ಅದರ 17ನೇ ಕಲಮು ಆರು ದಾಟಿದ, ಹದಿನೆಂಟು ತುಂಬದ ಮಕ್ಕಳನ್ನು ಸುಧಾರಣಾ ಶಾಲೆಗೆ ಒಯ್ಯಬಹುದು ಎಂದಿತು. 1924ರ ಕಾಯ್ದೆಯಲ್ಲೂ ಅದು ಹಾಗೇ ಉಳೀತು.

ಮುಂಬಯಿ ಪ್ರಾಂತ್ಯದಲ್ಲಿ ಬಿಜಾಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರ ಎಲ್ಲ ಕಡೆ ಸೆಟ್ಲಮೆಂಟುಗಳಿದ್ದವು. ಇಂದಿನ ರಾಜ್ಯದ ಗಡಿ ಆಗ ಇರಲಿಲ್ಲ. ನಾವು ಕೊರವರು ಅನ್ನೋ ಜನ ಅಲ್ಲಿ ಕೈಕಾಡಿ. ನಮ್ಮ ಹರಣಶಿಕಾರಿ ಅಲ್ಲಿ ಪಾರಧಿ. ಸೊಲ್ಲಾಪುರದ ಸೆಟ್ಲಮೆಂಟನ್ನು ಅಮೆರಿಕನ್ ಮರಾಠಿ ಮಿಷನ್ ನಡೆಸುತ್ತಿತ್ತು. ಒಳಗಿದ್ದವರು ಊರಿನ ಗಿರಣಿಗಳಿಗೆ ದುಡಿಯಲು ಹೋಗಿ, ಮತ್ತೆ ಹಾಜರಿಗೆ ಮರಳಬೇಕಿತ್ತು.

ಇಲ್ಲಿ ಇನ್ನೊಂದು ಕಾಯ್ದೆಯನ್ನು ಪಕ್ಕಕ್ಕಿಟ್ಟು ಓದಬೇಕು. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ ಪ್ರಕಾರ ತಂದೆ ಬದುಕಿದ್ದರೆ, ಅವನು ಅಯೋಗ್ಯ ಅಂತ ಕೋರ್ಟಿಗೆ ಅನ್ನಿಸದ ಹೊರತು ಅವನ ಮಗುವಿಗೆ ಬೇರೆ ಪಾಲಕನನ್ನು ನೇಮಿಸುವಂತಿಲ್ಲ. ಅಂದರೆ ಅರ್ಜಿ ಬೇಕು, ವಿಚಾರಣೆ ಬೇಕು, ಒಬ್ಬೊಬ್ಬ ತಂದೆಯ ನಡತೆ ನೋಡಬೇಕು. ಅದೇ ಪ್ರಾಂತ್ಯದ ಕೈಕಾಡಿ ತಂದೆಗೆ ಇದ್ಯಾವುದೂ ಸಿಗಲಿಲ್ಲ. ಅವನ ಮೇಲೆ ಕಳವಿನ ಆರೋಪವೇ ಇರಬೇಕಾಗಿರಲಿಲ್ಲ. ಜಾತಿಯ ಹೆಸರು ಗೆಜೆಟಿನಲ್ಲಿ ಬಂದರೆ ಸರ್ಕಾರದ ಕೈ ಮಗುವಿನ ತನಕ ಮುಟ್ಟುತ್ತಿತ್ತು. ತಂದೆತಾಯಿಯ ಹಕ್ಕು ರದ್ದಾಯಿತು ಅಂತ ಕಾಯ್ದೆ ಎಲ್ಲೂ ಹೇಳುವುದಿಲ್ಲ. ಅವರನ್ನು ಕೇಳಬೇಕು ಅಂತಲೂ ಹೇಳುವುದಿಲ್ಲ. ನನ್ನ ವಾದ ಇಷ್ಟೇ: ಹಕ್ಕು ಹೋದದ್ದು ಈ ಮೌನದಲ್ಲಿ.

1952ರ ಆಗಸ್ಟ್ 31ಕ್ಕೆ ಕಾಯ್ದೆ ರದ್ದಾಯಿತು. 2006ರಲ್ಲಿ ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಆರು ವರ್ಷದವರೆಗೆ ಮಗು ಜೈಲಿನಲ್ಲಿ ತಾಯಿಯ ಜೊತೆ ಇರಬಹುದು ಎಂದಿತು. ಆಮೇಲೆ ತಾಯಿಯ ಇಚ್ಛೆಯಂತೆ ತಕ್ಕವರಿಗೆ, ಇಲ್ಲವೆ ಸಂಸ್ಥೆಗೆ ಒಪ್ಪಿಸಬೇಕು. ವಾರಕ್ಕೊಮ್ಮೆಯಾದರೂ ಭೇಟಿ ಮಾಡಿಸಬೇಕು. ಆರು ಅನ್ನೋ ಅಂಕಿ ಎರಡೂ ಕಡೆ ಇದೆ. ಆದರೆ 2006ರಲ್ಲಿ ಶಿಕ್ಷೆಯಾದ ತಾಯಿಯ ಇಚ್ಛೆಗೂ ಬೆಲೆ ಬಂತು. 1911ರಲ್ಲಿ ಶಿಕ್ಷೆಯೇ ಆಗದ ತಾಯಿಗೆ ಆ ಬೆಲೆ ಇರಲಿಲ್ಲ.

ಸೊಲ್ಲಾಪುರದಲ್ಲಿ ಸೆಟ್ಲಮೆಂಟ್ ಫ್ರೀ ಕಾಲನಿ ಅನ್ನೋ ಹೆಸರು ಇವತ್ತಿಗೂ ಬಳಕೆಯಲ್ಲಿದೆ. ಅಲ್ಲಿಗೆ ಕ್ಷೇತ್ರಕಾರ್ಯಕ್ಕೆ ಹೋಗುವ ಗೆಳೆಯರಲ್ಲಿ ನನ್ನದೊಂದು ವಿನಂತಿ. ಬೇಲಿ, ಹಾಜರಿ, ಗಿರಣಿ ಬಗ್ಗೆ ಕೇಳ್ತೀವಿ, ಕೇಳಲೇಬೇಕು. ಅದರ ಜೊತೆಗೆ ಮನೆಯ ಹಿರಿಯರನ್ನು ಇದನ್ನೂ ಕೇಳೋಣ: ಶಾಲೆಗೆ ಒಯ್ದ ಮಕ್ಕಳಲ್ಲಿ ಯಾರು ಮನೆಗೆ ಮರಳಿದರು, ಮರಳಿದಾಗ ಅವ್ವ ಅಪ್ಪನ ಜೊತೆ ಯಾವ ಭಾಷೆ ಆಡಿದರು?