ಬಣ್ಣದಿಂದ ಮಡಿಕೆಯವರೆಗೆ: ಅಮೈಲಾಯ್ಡ್ ವರ್ಗೀಕರಣ ನಡೆದು ಬಂದ ದಾರಿ

ಹೆಚ್ಚಿನ ಪ್ರೋಟೀನುಗಳು ಸರಿಯಾಗಿ ಮಡಿಚಿಕೊಂಡರೆ ಮಾತ್ರ ಅವುಗಳ ಕೆಲಸ ನಡೆಯುತ್ತದೆ. ಮಡಿಕೆ ತಪ್ಪಿದ ಪ್ರೋಟೀನುಗಳು ಒಂದಕ್ಕೊಂದು ಅಂಟಿ ಅಂಗಾಂಗಗಳಲ್ಲಿ ಜಮೆಯಾಗುವುದುಂಟು. ಹಾಗೆ ಜಮೆಯಾದುದೆಲ್ಲ ಅಮೈಲಾಯ್ಡ್ ಅಲ್ಲ. ಯಾವುದನ್ನು ಅಮೈಲಾಯ್ಡ್ ಎನ್ನಬೇಕು, ಒಂದು ಬಗೆಯನ್ನು ಇನ್ನೊಂದರಿಂದ ಹೇಗೆ ಬೇರ್ಪಡಿಸಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವ ಕೆಲಸ ನೂರೆಪ್ಪತ್ತು ವರ್ಷಗಳಿಂದ ನಡೆದಿದೆ. ರೋಗಿಗೆ ಯಾವ ಔಷಧಿ ಕೊಡಬೇಕೆಂಬುದು ಈ ಉತ್ತರವನ್ನೇ ಅವಲಂಬಿಸಿದೆ.

1854ರಲ್ಲಿ ಜರ್ಮನಿಯ ರೋಗವಿಜ್ಞಾನಿ ರುಡಾಲ್ಫ್ ವಿರ್ಖೋ ಮಿದುಳಿನ ಅಂಗಾಂಶದಲ್ಲಿ ಕಂಡ ಕಣಗಳಿಗೆ ಅಯೋಡಿನ್ ಹಾಕಿದಾಗ ಅವು ಪಿಷ್ಟದಂತೆ ನೀಲಿಗೆ ತಿರುಗಿದವು. ಅದಕ್ಕಾಗಿ ಅವರು ಪಿಷ್ಟದಂಥದ್ದು ಎಂಬ ಅರ್ಥದ ಅಮೈಲಾಯ್ಡ್ ಎಂಬ ಹೆಸರನ್ನು ಬಳಸಿದರು. ಐದೇ ವರ್ಷಗಳಲ್ಲಿ ಫ್ರೀಡ್‌ರೈಖ್ ಮತ್ತು ಕೆಕುಲೆ ಅಮೈಲಾಯ್ಡ್ ತುಂಬಿದ ಅಂಗಾಂಶವನ್ನು ರಾಸಾಯನಿಕವಾಗಿ ಪರೀಕ್ಷಿಸಿ, ಅದರಲ್ಲಿ ಪಿಷ್ಟವಿಲ್ಲ, ಸಾರಜನಕ ಹೇರಳವಾಗಿದೆ ಎಂದು ತೋರಿಸಿದರು. ವಸ್ತು ಪ್ರೋಟೀನಿನ ಜಾತಿಗೆ ಸೇರಿತು, ಹೆಸರು ಮಾತ್ರ ಹಾಗೆಯೇ ಉಳಿಯಿತು.

ಮುಂದಿನ ದೊಡ್ಡ ಹೆಜ್ಜೆಗೆ ನೆರವಾದದ್ದು ಹತ್ತಿಬಟ್ಟೆಗೆ ಹಾಕುತ್ತಿದ್ದ ಬಣ್ಣ. 1922ರಲ್ಲಿ ಬೆನ್‌ಹೋಲ್ಡ್, ಕಾಂಗೋ ರೆಡ್ ಎಂಬ ಆ ಬಣ್ಣ ಅಮೈಲಾಯ್ಡಿಗೆ ಗಟ್ಟಿಯಾಗಿ ಹಿಡಿಯುತ್ತದೆ ಎಂದು ಕಂಡುಕೊಂಡರು. 1927ರಲ್ಲಿ ಬೆಲ್ಜಿಯಂನ ಡಿವ್ರಿ ಮತ್ತು ಫ್ಲೋರ್ಕಿನ್ ಕಾಂಗೋ ರೆಡ್ ಹಾಕಿದ ಸ್ಲೈಡನ್ನು ಧ್ರುವೀಕೃತ ಬೆಳಕಿನಲ್ಲಿ ನೋಡಿದರು. ಸಾಮಾನ್ಯ ಬೆಳಕಿನಲ್ಲಿ ಸ್ಲೈಡಿನ ಮೇಲೆ ಕಿತ್ತಳೆಗೆಂಪು ಮಚ್ಚೆಗಳು ಮಾತ್ರ ಕಾಣುತ್ತವೆ. ಸೂಕ್ಷ್ಮದರ್ಶಕದ ಎರಡು ಧ್ರುವಕಗಳನ್ನು ಅಡ್ಡಡ್ಡವಾಗಿ ನಿಲ್ಲಿಸಿದರೆ ಸುತ್ತಲೆಲ್ಲ ಕತ್ತಲಾಗಿ, ಅಮೈಲಾಯ್ಡ್ ಇರುವ ಕಡೆ ಮಾತ್ರ ಹಸಿರು ಹೊಳೆಯುತ್ತದೆ. ಬಣ್ಣದ ಕಣಗಳು ಕ್ರಮಬದ್ಧವಾಗಿ ಸಾಲುಗಟ್ಟಿ ಕೂತಿವೆ, ಅಂದರೆ ಅವು ಕೂತ ವಸ್ತುವಿಗೂ ಒಂದು ಕ್ರಮವಿದೆ ಎಂಬುದಕ್ಕೆ ಅದೇ ಸಾಕ್ಷಿ. ಇಂದಿಗೂ ರೋಗಪತ್ತೆಯಲ್ಲಿ ಇದು ಮೂಲ ಪರೀಕ್ಷೆ.

ಆ ಕ್ರಮ ಯಾವುದೆಂದು ತಿಳಿಯಲು ಇನ್ನೂ ಸುಮಾರು ನಲವತ್ತು ವರ್ಷ ಬೇಕಾಯಿತು. 1959ರಲ್ಲಿ ಕೋಹೆನ್ ಮತ್ತು ಕಾಲ್ಕಿನ್ಸ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕವಲಿಲ್ಲದ, ಸುಮಾರು 10 ನ್ಯಾನೊಮೀಟರ್ ದಪ್ಪದ ಎಳೆಗಳನ್ನು ಕಂಡರು. 1968ರಲ್ಲಿ ಈನ್ಸ್ ಮತ್ತು ಗ್ಲೆನ್ನರ್ ಕ್ಷ-ಕಿರಣ ಹಾಯಿಸಿ ಒಳರಚನೆಯನ್ನು ಬಯಲಿಗೆಳೆದರು. ಪ್ರೋಟೀನಿನ ಚಾಚಿದ ತುಣುಕುಗಳು ಎಳೆಯ ಉದ್ದಕ್ಕೆ ಅಡ್ಡಲಾಗಿ, ಏಣಿಯ ಮೆಟ್ಟಿಲುಗಳಂತೆ, ಸುಮಾರು 0.47 ನ್ಯಾನೊಮೀಟರ್ ಅಂತರದಲ್ಲಿ ಒಂದರ ಮೇಲೊಂದು ಕೂರುತ್ತವೆ. ಇದಕ್ಕೆ ಕ್ರಾಸ್-ಬೀಟಾ ರಚನೆ ಎಂದು ಹೆಸರು. ಕಾಂಗೋ ರೆಡ್, ಎಳೆ, ಕ್ರಾಸ್-ಬೀಟಾ ಈ ಮೂರೂ ಸೇರಿ ಶಾಸ್ತ್ರೀಯ ವ್ಯಾಖ್ಯಾನವಾಯಿತು. ಗಡಿ ಎಷ್ಟು ಖಚಿತ ಎಂಬುದಕ್ಕೆ ಮೂತ್ರಪಿಂಡದ ಒಂದು ಉದಾಹರಣೆ ಸಾಕು. ಪ್ರತಿಕಾಯಗಳ ಲೈಟ್ ಚೈನ್ ಎಂಬ ತುಣುಕು ಅಲ್ಲಿ ಎಳೆಯಾಗಿ ಜಮೆಯಾದರೆ ಅದು ಅಮೈಲಾಯ್ಡ್. ಅದೇ ಲೈಟ್ ಚೈನ್ ಪುಡಿಯಂತೆ ಕೂತು ಕಾಂಗೋ ರೆಡ್ ಹಿಡಿಯದಿದ್ದರೆ ಅದು ಬೇರೆಯೇ ಕಾಯಿಲೆ.

ವರ್ಗೀಕರಣದ ಕಥೆಯೂ ಇದೇ ಕಾಲದಲ್ಲಿ ತಿರುವು ಪಡೆಯಿತು. 1935ರಲ್ಲಿ ರೀಮನ್ ಮತ್ತು ಸಂಗಡಿಗರು ರೋಗಿಯ ಲಕ್ಷಣಗಳನ್ನು ನೋಡಿ ಪ್ರಾಥಮಿಕ, ದ್ವಿತೀಯಕ ಎಂಬಂಥ ವಿಭಾಗ ಮಾಡಿದ್ದರು. 1970ರ ದಶಕದ ಆರಂಭದಲ್ಲಿ ಗ್ಲೆನ್ನರ್ ತಂಡ ಪ್ರಾಥಮಿಕ ಬಗೆಯ ಎಳೆಗಳನ್ನು ಬಿಡಿಸಿ ಓದಿತು. ಸಿಕ್ಕಿದ್ದು ಲೈಟ್ ಚೈನ್. ಕ್ಷಯದಂಥ ದೀರ್ಘಕಾಲದ ಸೋಂಕು, ಸಂಧಿವಾತಗಳಲ್ಲಿ ಜಮೆಯಾಗುವುದು ಬೇರೆ ಪ್ರೋಟೀನು ಎಂಬುದೂ ಅದೇ ಹೊತ್ತಿಗೆ ಗೊತ್ತಾಯಿತು. ಅಲ್ಲಿಂದ ಪ್ರೋಟೀನನ್ನೇ ಆಧಾರ ಮಾಡಿ ಹೆಸರಿಡುವ ಪದ್ಧತಿ ಬಂತು: ಅಮೈಲಾಯ್ಡಿಗೆ ಎ, ಅದರ ಮುಂದೆ ಪ್ರೋಟೀನಿನ ಸಂಕ್ಷಿಪ್ತ ಹೆಸರು. ಲೈಟ್ ಚೈನಿನದು ಎಎಲ್, ಟ್ರಾನ್ಸ್‌ಥೈರೆಟಿನ್ ಎಂಬ ಇನ್ನೊಂದು ಪ್ರೋಟೀನಿನದು ಎಟಿಟಿಆರ್. ಅಂತರರಾಷ್ಟ್ರೀಯ ಅಮೈಲಾಯ್ಡೋಸಿಸ್ ಸಂಘದ ನಾಮಕರಣ ಸಮಿತಿ ಈ ಪಟ್ಟಿಯನ್ನು ಕಾಲಕಾಲಕ್ಕೆ ಪರಿಷ್ಕರಿಸುತ್ತದೆ. ಮನುಷ್ಯರಲ್ಲಿ ಅಮೈಲಾಯ್ಡ್ ಆಗುವ ಪ್ರೋಟೀನುಗಳು ಈಗ 40 ದಾಟಿವೆ.

ಹೀಗೆ ಬಗೆ ಗುರುತಿಸುವುದರ ಬೆಲೆ ಹೃದ್ರೋಗದಲ್ಲಿ ತಿಳಿಯುತ್ತದೆ. ಎಎಲ್ ಮತ್ತು ಎಟಿಟಿಆರ್ ಎರಡರಲ್ಲೂ ಹೃದಯದ ಗೋಡೆ ದಪ್ಪವಾಗುತ್ತದೆ, ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತದೆ, ಕಾಂಗೋ ರೆಡ್ ಸ್ಲೈಡೂ ಒಂದೇ ತೆರ. ಆದರೆ ಎಎಲ್‌ಗೆ ಲೈಟ್ ಚೈನ್ ತಯಾರಿಸುವ ಅಸ್ಥಿಮಜ್ಜೆಯ ಪ್ಲಾಸ್ಮಾ ಕೋಶಗಳನ್ನು ಕೊಲ್ಲುವ ಚಿಕಿತ್ಸೆ ಬೇಕು, ಅದೂ ತಡವಿಲ್ಲದೆ. ಎಟಿಟಿಆರ್‌ಗೆ ಟಫಾಮಿಡಿಸ್‌ನಂಥ, ಪ್ರೋಟೀನನ್ನು ಬಿಚ್ಚಿಹೋಗದಂತೆ ಹಿಡಿದಿಡುವ ಔಷಧಿ. ಒಂದರ ಬದಲು ಇನ್ನೊಂದನ್ನು ಕೊಟ್ಟರೆ ಪ್ರಯೋಜನವಿಲ್ಲ, ಅಪಾಯವೂ ಉಂಟು. ಹಾಗಾಗಿಯೇ ಸ್ಲೈಡಿನ ಮಚ್ಚೆಯನ್ನು ಲೇಸರಿನಿಂದ ಕತ್ತರಿಸಿ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಪ್ರೋಟೀನು ಗುರುತಿಸುವ ವಿಧಾನ ಇಂದು ಅತ್ಯಂತ ವಿಶ್ವಾಸಾರ್ಹವೆನಿಸಿದೆ.

ಈ ನಡುವೆ ವ್ಯಾಖ್ಯಾನವೇ ಅಲುಗಾಡಿತು. 1998ರಲ್ಲಿ ಕ್ರಿಸ್ಟೋಫರ್ ಡಾಬ್ಸನ್ ತಂಡ, ಯಾವ ಅಮೈಲಾಯ್ಡ್ ರೋಗಕ್ಕೂ ಸಂಬಂಧಿಸದ ಪ್ರೋಟೀನು ಭಾಗವೂ ಆಮ್ಲೀಯ ದ್ರಾವಣದಲ್ಲಿ ಅಮೈಲಾಯ್ಡ್ ಎಳೆಯಾಗುತ್ತದೆ ಎಂದು ತೋರಿಸಿತು. 2002ರಲ್ಲಿ ಇ. ಕೋಲೈ ಬ್ಯಾಕ್ಟೀರಿಯಾ ತನ್ನ ಹೊರಮೈಯ ಎಳೆಗಳನ್ನು ಇದೇ ರಚನೆಯಲ್ಲಿ ಉದ್ದೇಶಪೂರ್ವಕವಾಗಿ ಕಟ್ಟಿಕೊಳ್ಳುತ್ತದೆ ಎಂದು ತಿಳಿಯಿತು. 2009ರಲ್ಲಿ, ಈಗ ಐಐಟಿ ಬಾಂಬೆಯಲ್ಲಿರುವ ಸಮೀರ್ ಮಾಜಿ ಮತ್ತು ಸಹೋದ್ಯೋಗಿಗಳು ನಮ್ಮ ದೇಹ ಕೆಲವು ಹಾರ್ಮೋನುಗಳನ್ನು ಅಮೈಲಾಯ್ಡ್ ರೂಪದಲ್ಲೇ ದಾಸ್ತಾನಿಡುತ್ತದೆ ಎಂಬುದಕ್ಕೆ ಪುರಾವೆ ಕೊಟ್ಟರು. ಅಮೈಲಾಯ್ಡ್ ಎಂದರೆ ರೋಗ ಎಂಬ ಸಮೀಕರಣ ಮುರಿಯಿತು. ರೋಗವಿಜ್ಞಾನಿಗಳು ದೇಹದಲ್ಲಿ ಜಮೆಯಾದ, ಬಣ್ಣ ಹಿಡಿಯುವ ಎಳೆಗೆ ಒತ್ತು ಕೊಟ್ಟರೆ, ಭೌತವಿಜ್ಞಾನದ ಹಿನ್ನೆಲೆಯವರಿಗೆ ಕ್ರಾಸ್-ಬೀಟಾ ಇದ್ದರೆ ಸಾಕು. ಎರಡೂ ಅರ್ಥಗಳು ಇಂದು ಜೊತೆಯಲ್ಲೇ ಬಳಕೆಯಲ್ಲಿವೆ.

ವರ್ಗೀಕರಣದ ಮುಂದಿನ ಹೆಜ್ಜೆ ಮಡಿಕೆಯದು. 2017ರಲ್ಲಿ ಕೇಂಬ್ರಿಜ್‌ನ ಗೋಡರ್ಟ್ ಮತ್ತು ಶೆರೆಸ್ ತಂಡ ಆಲ್‌ಜೈಮರ್ ರೋಗಿಯ ಮಿದುಳಿನಿಂದ ತೆಗೆದ ಟೌ ಎಂಬ ಪ್ರೋಟೀನಿನ ಎಳೆಗಳನ್ನು ಕ್ರಯೊ-ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರಮಾಣು ಮಟ್ಟದಲ್ಲಿ ಕಂಡಿತು. ಟೌ ಅಲ್ಲಿ ಇಂಗ್ಲಿಷಿನ ಸಿ ಅಕ್ಷರದಂತೆ ಮಡಿಚಿಕೊಂಡಿತ್ತು. ಮಿದುಳಿನ ಇನ್ನೊಂದು ರೋಗವಾದ ಪಿಕ್ ಕಾಯಿಲೆಯಲ್ಲಿ ಅದೇ ಟೌ ಜೆ ಆಕಾರದಲ್ಲಿತ್ತು. 2021ರ ಹೊತ್ತಿಗೆ ಟೌ ರೋಗಗಳನ್ನು ಮಡಿಕೆಯ ಆಧಾರದಲ್ಲೇ ವಿಂಗಡಿಸುವುದು ಸಾಧ್ಯವಾಯಿತು. ಪ್ರಯೋಗಾಲಯದಲ್ಲಿ ಹೆಪಾರಿನ್ ಸೇರಿಸಿ ಬೆಳೆಸಿದ ಟೌ ಎಳೆ ಇವುಗಳಲ್ಲಿ ಯಾವುದನ್ನೂ ಹೋಲುವುದಿಲ್ಲ ಎಂಬುದು ಔಷಧಿ ಹುಡುಕುವವರೆಲ್ಲ ಗಮನಿಸಬೇಕಾದ ಸಂಗತಿ.

ಪ್ರೋಟೀನು ಯಾವುದು, ಎಲ್ಲಿ ಜಮೆಯಾಗಿದೆ, ಹೇಗೆ ಮಡಿಚಿಕೊಂಡಿದೆ ಎಂಬ ಮೂರನ್ನೂ ಹೇಳದ ವರ್ಗೀಕರಣ ಇನ್ನು ಮುಂದೆ ಅಪೂರ್ಣವೇ. ಮೂರನೆಯದು ಸದ್ಯಕ್ಕೆ ಸಂಶೋಧನಾಲಯದ ಕೆಲಸ. ಮೊದಲೆರಡು ಆಸ್ಪತ್ರೆಯ ಕೈಗೆಟುಕುವಂಥವು. ಬಯಾಪ್ಸಿ ವರದಿಯಲ್ಲಿ ಅಮೈಲಾಯ್ಡ್ ಇದೆ ಎಂದಷ್ಟೇ ಬರೆದಿದ್ದರೆ, ಯಾವ ಬಗೆಯದು ಎಂದು ವೈದ್ಯರನ್ನು ಕೇಳಿ. ಬಗೆ ಖಚಿತವಾಗದೆ ಚಿಕಿತ್ಸೆ ಶುರುವಾಗಬಾರದು.