ಅಂಬಾರಿಯ ಅಡಿಯ ಮೆತ್ತೆ

ಕಾಕನಕೋಟೆ ಅಂದ ಕೂಡಲೇ ನಮ್ಮಲ್ಲಿ ಕೆಲವರಿಗೆ ಮಾಸ್ತಿಯವರ ನಾಟಕ ನೆನಪಾಗುತ್ತದೆ, ಕೆಲವರಿಗೆ ಸಿ.ಆರ್. ಸಿಂಹ ಅದನ್ನೇ ಸಿನಿಮಾ ಮಾಡಿದ್ದು ನೆನಪಾಗುತ್ತದೆ. ಉಳಿದವರಿಗೆ ಕಬಿನಿ ಹಿನ್ನೀರು, ದಡದಲ್ಲಿ ಮೇಯುವ ಆನೆ ಹಿಂಡು, ಅದನ್ನು ನೋಡಲು ಪ್ರವಾಸಿಗರನ್ನು ಕೂರಿಸಿಕೊಂಡು ಹೋದ ಮೋಟಾರು ಬೋಟು.

ಬೋಟಿನದೇ ಮಾತು ತೆಗೆದುಕೊಳ್ಳಿ. ಬೋಟು ಹಳೆಯದಾದಾಗ ಎಲ್ಲರೂ ಇಂಜಿನ್ ಬಗ್ಗೆ ಕೇಳುತ್ತಾರೆ. ಸೀಟಿನ ಬಗ್ಗೆ ಯಾರೂ ಕೇಳುವುದಿಲ್ಲ. ಬಿಸಿಲಿಗೆ ರೆಕ್ಸಿನ್ ಬಿರಿಯುತ್ತದೆ, ಬಿರುಕಿನಲ್ಲಿ ನೀರು ಇಳಿದು ಒಳಗಿನ ಫೋಮ್ ಕುಡಿದು ಕೂರುತ್ತದೆ, ಅದರ ಕೆಳಗಿನ ಪ್ಲೈವುಡ್ ಸದ್ದಿಲ್ಲದೆ ಕೊಳೆಯುತ್ತದೆ. ಮೇಲೆ ಹೊಸ ಹೊದಿಕೆ ಹಾಕಿದರೆ ಮುಗಿಯಿತು ಅನ್ನುವವನು ಆರು ತಿಂಗಳಲ್ಲಿ ಮತ್ತೆ ಬಿಚ್ಚಬೇಕು. ಬುಡದಿಂದ ಬಿಚ್ಚಿ, ಒಣಗಿಸಿ, ಹಲಗೆ ಬದಲಿಸಿ, ಹೊಸ ಮೆತ್ತೆ ಇಟ್ಟು ಹೊಲಿದರೆ ಮಾತ್ರ ಕೂತವನ ಸೊಂಟ ಉಳಿಯುತ್ತದೆ. ಕುಶನ್ ಕೆಲಸದವರಿಗೆ ಇದೆಲ್ಲ ಹೇಳಿಕೊಡಬೇಕಿಲ್ಲ ಬಿಡಿ.

ಆದರೆ ಕಬಿನಿ ಕಣಿವೆಯಲ್ಲಿ ಬೋಟು ಬಂದದ್ದು ನಿನ್ನೆ ಮೊನ್ನೆ. ಬೀಚನಹಳ್ಳಿಯ ಹತ್ತಿರ ಅಣೆಕಟ್ಟು ಮುಗಿದದ್ದು 1974ರಲ್ಲಿ. ಕಾಡು, ಹೊಲ, ಹತ್ತಾರು ಹಳ್ಳಿಗಳು ನೀರಿಗೆ ಹೋದವು. ಜಂಗಲ್ ಲಾಡ್ಜಸ್ ಸಂಸ್ಥೆ ಹುಟ್ಟಿದ್ದು 1980ರಲ್ಲಿ, ಕಾರಾಪುರದ ವಸತಿ ಶುರುವಾದದ್ದು ಅದರ ನಂತರ. ಅದಕ್ಕೂ ಮೊದಲು ನೂರು ವರ್ಷ ಈ ಕಾಡಿನ ದೊಡ್ಡ ವಾಹನ ಅಂದರೆ ಆನೆ. ಆನೆಗೂ ಸೀಟು ಇತ್ತು, ಸೀಟಿಗೆ ಮೆತ್ತೆ ಇತ್ತು, ಆ ಮೆತ್ತೆಯನ್ನೂ ಆಗಾಗ ಬಿಚ್ಚಿ ಹೊಸದಾಗಿ ತುಂಬಿ ಹೊಲಿಯಬೇಕಿತ್ತು. ಒಂದೇ ವ್ಯತ್ಯಾಸ: ಬೋಟಿನ ಮೆತ್ತೆ ಕೆಟ್ಟರೆ ನೋವು ಕೂತವರಿಗೆ. ಆನೆಯ ಮೆತ್ತೆ ಕೆಟ್ಟರೆ ನೋವು ಹೊತ್ತವರಿಗೆ.

ಈ ಮೆತ್ತೆಯ ಚರಿತ್ರೆಯನ್ನು ಒಂದಿಷ್ಟು ನೋಡೋಣ ಅಂತ ಈ ಬರಹ.

ದಸರಾ ಮೆರವಣಿಗೆ ನೋಡಿದವರಿಗೆಲ್ಲ ಚಿನ್ನದ ಅಂಬಾರಿ ಗೊತ್ತು. ಸುಮಾರು 750 ಕಿಲೋ ತೂಕ, ಮರದ ಚೌಕಟ್ಟಿನ ಮೇಲೆ ಚಿನ್ನದ ತಗಡು. ಒಂದು ಕಾಲದಲ್ಲಿ ಅದರಲ್ಲಿ ಮಹಾರಾಜರು ಕೂರುತ್ತಿದ್ದರು, 1970ರ ದಶಕದಿಂದ ತಾಯಿ ಚಾಮುಂಡೇಶ್ವರಿಯ ಮೂರ್ತಿ. ಅಂಬಾರಿ ಮತ್ತು ಆನೆಯ ನಡುವೆ, ಜರಿ ಬಟ್ಟೆಯ ಹಿಂದೆ ಅಡಗಿ ಕೂತಿರುವ ಎರಡು ವಸ್ತುಗಳಿವೆ. ಬರಿ ಬೆನ್ನಿಗೆ ತಾಗುವಂತೆ ಹಾಸುವುದು ನಮ್ದಾ. ಅದರ ಮೇಲೆ ಬರುವ ದಪ್ಪನೆಯ ದೊಡ್ಡ ಮೆತ್ತೆ ಗಾದಿ. ಇವೆರಡನ್ನೂ ಹಗ್ಗದಿಂದ ಹೊಟ್ಟೆಯ ಸುತ್ತ, ಎದೆಯ ಮುಂದೆ, ಬಾಲದ ಬುಡಕ್ಕೆ ಬಿಗಿದು ಕಟ್ಟಿದ ಮೇಲೆಯೇ ಅಂಬಾರಿ ಏರುವುದು. ಗಾದಿ, ನಮ್ದಾ, ಹಗ್ಗ ಎಲ್ಲ ಸೇರಿದರೆ ಆನೆಯ ಮೇಲಿನ ಭಾರ ಒಂದು ಟನ್ನಿನ ಹತ್ತಿರ ಬರುತ್ತದೆ. ಅಷ್ಟು ಹೊತ್ತು ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು ಐದು ಕಿಲೋಮೀಟರ್ ನಡಿಗೆ.

ಈ ಹೆಸರುಗಳನ್ನೇ ಗಮನಿಸಿ. ನಮ್ದಾ ಪಾರ್ಸಿ ಮೂಲದ ಮಾತು. ಉಣ್ಣೆಯನ್ನು ನೇಯದೆ ಒದ್ದೆ ಮಾಡಿ ಒತ್ತಿ ಒತ್ತಿ ಮಾಡಿದ ಕಂಬಳಿ ಅಂತ ಅರ್ಥ. ಕಾಶ್ಮೀರದಲ್ಲಿ ಇಂದಿಗೂ ನೆಲಹಾಸಿಗೆ ಅದೇ ಹೆಸರು. ಗಾದಿ ಉತ್ತರದ ಗದ್ದಿ. ಅಂಬಾರಿ ಕೂಡ ಪಾರ್ಸಿ-ಅರಬ್ಬಿ ದಾರಿಯಲ್ಲಿ ಬಂದದ್ದು. ನಮ್ಮ ಜೇನುಕುರುಬ ಮಾವುತರು ಆನೆಗೆ 'ಬೈಠ್' 'ಧತ್' ಅನ್ನುವುದನ್ನು ಕೇಳಿದ್ದೀರಲ್ಲ? ಆನೆಯ ಬೆನ್ನಿನ ಮೇಲೆ ಬಂದಿರುವುದು ಹಲವು ಸೀಮೆಯ ಭಾಷೆ, ಹಲವು ದಳಗಳ ಅನುಭವ. ಹೆಸರು ಉಳಿಯಿತು, ಒಳಗಿನ ಸರಕು ಮಾತ್ರ ಊರಿನದಾಯಿತು. ಮೈಸೂರಿನ ನಮ್ದಾ, ಗಾದಿಗೆ ಬಳಸುವುದು ಗೋಣಿತಾಟು, ಕೆರೆಯ ಜೊಂಡು ಹುಲ್ಲು, ಹುರಿ, ದಬ್ಬಣ.

ಜೊಂಡು ಯಾಕೆ? ಅದರ ಎಲೆಯೊಳಗೆ ಗಾಳಿಯ ಗೂಡುಗಳಿರುತ್ತವೆ. ಒಣಗಿದರೆ ಹಗುರ, ಒತ್ತಿದರೆ ಬಗ್ಗಿ ಮತ್ತೆ ಏಳುತ್ತದೆ. ಹತ್ತಿ ತುಂಬಿದರೆ ಭಾರ ಬಿದ್ದ ಕಡೆ ಗಂಟು ಕಟ್ಟುತ್ತದೆ, ಬೆವರು ಕುಡಿದು ಕಲ್ಲಾಗುತ್ತದೆ. ಆದರೆ ಜೊಂಡೂ ಶಾಶ್ವತವಲ್ಲ. ಒಂದಷ್ಟು ದಿನ ಭಾರ ತಿಂದ ಮೇಲೆ ಪುಡಿಯಾಗಿ ಕೂತುಬಿಡುತ್ತದೆ. ಆಗ ಬಿಚ್ಚು, ಕೊಡವು, ಹೊಸದು ತುಂಬು, ಹೊಲಿ.

ಇಷ್ಟೆಲ್ಲ ತಾಪತ್ರಯ ಯಾಕೆ ಅಂದರೆ ಆನೆಯ ಬೆನ್ನು ನಾವು ಅಂದುಕೊಂಡ ಹಾಗಿಲ್ಲ. ಅಷ್ಟು ದೊಡ್ಡ ಪ್ರಾಣಿ, ಏನು ಹೇರಿದರೂ ತಡೆಯುತ್ತದೆ ಅನ್ನಿಸುತ್ತದೆ. ಆದರೆ ಬೆನ್ನುಮೂಳೆಯ ಪ್ರತಿ ಮಣಿಯಿಂದಲೂ ಒಂದು ಎಲುಬು ಮೇಲಕ್ಕೆ ಚಾಚಿಕೊಂಡಿರುತ್ತದೆ. ಆ ಸಾಲಿನ ಮೇಲೆ ಇರುವುದು ಚರ್ಮ, ಸ್ವಲ್ಪವೇ ಮಾಂಸ. ಭಾರ ನೇರ ಆ ಏಣಿನ ಮೇಲೆ ಕೂತರೆ ಕೆಟ್ಟಿತು. ಮೆತ್ತೆ ಆ ಭಾರವನ್ನು ಎರಡೂ ಪಕ್ಕದ ಪಕ್ಕೆಲುಬಿನ ಮೇಲೆ ಹಂಚಬೇಕು. ಉತ್ತರ ಭಾರತ ಮತ್ತು ಬರ್ಮಾದಲ್ಲಿ ಬಳಸುತ್ತಿದ್ದ ಗದ್ದಿಗಳಲ್ಲಿ ಬೆನ್ನುಮೂಳೆಯ ಉದ್ದಕ್ಕೂ ನಡುವೆ ಸೀಳು ಬಿಟ್ಟೇ ಹೊಲಿಯುತ್ತಿದ್ದರು, ಅಲ್ಲಿ ಏನೂ ತಾಗಬಾರದು ಅಂತ.

ಬ್ರಿಟಿಷ್ ಸೇನೆ ಇದನ್ನು ಲೆಕ್ಕದ ಪುಸ್ತಕದ ಮೂಲಕ ಕಲಿಯಿತು. ಫಿರಂಗಿ, ಡೇರೆ, ಸಾಮಾನು ಹೊರಲು ಅದರ ಬಳಿ ನೂರಾರು ಆನೆಗಳಿದ್ದವು. ಬೆನ್ನು ಹುಣ್ಣಾದ ಆನೆ ತಿಂಗಳುಗಟ್ಟಲೆ ಕೂತು ತಿನ್ನುತ್ತದೆ. ಆ ಹುಣ್ಣು ಮೋಸಗಾರ ಬೇರೆ: ದಪ್ಪ ಚರ್ಮ ಮೇಲೆ ಮುಚ್ಚಿಕೊಂಡಂತೆ ಕಂಡರೂ ಒಳಗೆ ಕೀವು ಹರಡುತ್ತಿರುತ್ತದೆ. ಹೀಗಾಗಿ ಆನೆ ವೈದ್ಯದ ಪುಸ್ತಕಗಳೇ ಬಂದವು: 1885ರಲ್ಲಿ ಸ್ಟೀಲ್ ಅವರದು, 1910ರಲ್ಲಿ ರಂಗೂನಿನಲ್ಲಿ ಇವಾನ್ಸ್ ಅವರದು. ಆ ಕಾಲದ ಆನೆ ವೈದ್ಯದಲ್ಲಿ ಬೆನ್ನು ಹುಣ್ಣು ಒಂದು ದೊಡ್ಡ ಅಧ್ಯಾಯ.

ಈಗ ನಮ್ಮ ಸೀಮೆಗೆ ಬರೋಣ, ಹುಣಸೂರಿಗೆ. ಹಳ್ಳಿಕಾರ್ ಸಂಬಂಧದ ಅಮೃತಮಹಲ್ ದನಗಳ ಕಥೆ ಗೊತ್ತಿರುವವರಿಗೆ ಹುಣಸೂರಿನ ಹೆಸರು ಗೊತ್ತಿರುತ್ತದೆ. ಸೇನೆಯ ಗಾಡಿ ಎಳೆಯುವ ಎತ್ತುಗಳ ಇಲಾಖೆಯ ಮುಖ್ಯ ಠಾಣೆ ಅಲ್ಲಿತ್ತು. ಎತ್ತಿನ ಜೊತೆಗೇ ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ, ಗಾಡಿ ಕಟ್ಟುವ ಮರದ ಅಂಗಳ ಎಲ್ಲ ಬೆಳೆದವು. 1864ರಲ್ಲಿ ಸರ್ಕಾರ ಇದನ್ನು ಮುಚ್ಚಿತು. ಕಾರ್ಖಾನೆ ಹೋಯಿತು, ಕೈಕೆಲಸ ಹೋಗಲಿಲ್ಲ. ಹುಣಸೂರಿನ ಚರ್ಮದ ಕೆಲಸಕ್ಕೆ, ಗಾಡಿ ಕೆಲಸಕ್ಕೆ ಆಮೇಲೂ ಒಳ್ಳೆಯ ಹೆಸರಿತ್ತು ಅಂತ ರೈಸ್ ಸಾಹೇಬರ ಮೈಸೂರು ಗೆಜೆಟಿಯರ್ ದಾಖಲಿಸುತ್ತದೆ. ಚರ್ಮ, ಕಂಬಳಿ, ಹಗ್ಗ, ಗೋಣಿ, ಮರ... ಪ್ರಾಣಿಯ ಮೇಲೆ ಭಾರ ಹೇರುವ ವಿದ್ಯೆಗೆ ಬೇಕಾದದ್ದೆಲ್ಲ ಒಂದೇ ಪೇಟೆಯಲ್ಲಿ!

ಅದಾಗಿ ಹತ್ತು ವರ್ಷಕ್ಕೆ ಖೆಡ್ಡಾ ಶುರು. ಜಿ.ಪಿ. ಸ್ಯಾಂಡರ್ಸನ್ ಅನ್ನುವ, ನಾಲೆಗಳ ಉಸ್ತುವಾರಿಯಲ್ಲಿದ್ದ ಅಧಿಕಾರಿ, 1874ರಲ್ಲಿ ಚಾಮರಾಜನಗರದ ಕಡೆ ಮೊದಲು ಆನೆ ಹಿಂಡನ್ನು ಕೆಡವಿದರು. ಮುಂದೆ ಕಾಕನಕೋಟೆ ಖೆಡ್ಡಾದ ಮುಖ್ಯ ಜಾಗವಾಯಿತು. ಕಾಡಾನೆ ಹಿಂಡನ್ನು ತಮಟೆ, ಬೆಂಕಿ, ಕೂಗಿನ ನಡುವೆ ಓಡಿಸಿ ಕಬಿನಿ ಹೊಳೆ ದಾಟಿಸುವ ದೃಶ್ಯ ನೋಡಲು ದೇಶ ವಿದೇಶದ ಅತಿಥಿಗಳು ಬಂದು ಕೂರುತ್ತಿದ್ದರು. ಫೋಟೋಗಳಲ್ಲಿ ಕಾಣುವುದು ಅವರು ಮತ್ತು ಅವರ ಟೋಪಿಗಳು. :)

ಆದರೆ ದೊಡ್ಡಿಯೊಳಗೆ ನಿಜವಾಗಿ ಇಳಿಯುತ್ತಿದ್ದವರು ಕುಮ್ಕಿ ಆನೆಗಳು, ಅವುಗಳ ಮೇಲೆ ಮಾವುತರು. ಅಲ್ಲಿ ಅಂಬಾರಿಗೆ ಕೆಲಸವಿಲ್ಲ. ಚಿಕ್ಕ ಮೆತ್ತೆ, ಸುತ್ತಲೂ ಹಗ್ಗ, ಅಷ್ಟೇ. ಸಲಗ ತಿರುಗಿ ಬಿದ್ದಾಗ ಮೇಲಿದ್ದವನು ಹಿಡಿದುಕೊಳ್ಳಬೇಕಾದದ್ದು ಆ ಹಗ್ಗವನ್ನೇ. ಕಟ್ಟು ಸಡಿಲವಾಗಿ ಮೆತ್ತೆ ಜಾರಿದರೆ ಅವನು ಕಾಡಾನೆಗಳ ಕಾಲಬುಡಕ್ಕೆ. ಒಬ್ಬ ಮನುಷ್ಯನ ಪ್ರಾಣ ಹೊಲಿಗೆಗೆ ಜೋತುಬಿದ್ದಿರುತ್ತಿತ್ತು. ಆ ಹೊಲಿಗೆ ಹಾಕಿದವನ ಹೆಸರು ಯಾವ ಫೋಟೋದ ಕೆಳಗೂ ಕಾಣುವುದಿಲ್ಲ.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರು ವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಮೂರು ವರ್ಷಕ್ಕೆ ಖೆಡ್ಡಾದ ನೆಲಕ್ಕೇ ನೀರು ಬಂತು. ಹಿಡಿದ ಆನೆಗಳು ಮಾತ್ರ ಶಿಬಿರಗಳಲ್ಲಿ ಉಳಿದವು, ಬಳ್ಳೆಯಲ್ಲಿ, ಮತ್ತಿಗೋಡಿನಲ್ಲಿ, ದುಬಾರೆಯಲ್ಲಿ. ನಮ್ಮ ಅರ್ಜುನ 1968ರಲ್ಲಿ ಕಾಕನಕೋಟೆ ಖೆಡ್ಡಾದಲ್ಲಿ ಸಿಕ್ಕವನು.

ಅಂಬಾರಿ ಹೊತ್ತವರ ಸಾಲು ನೋಡಿ. ದ್ರೋಣ ಹದಿನೆಂಟು ಸಲ ಹೊತ್ತ. 1998ರಲ್ಲಿ ಬಳ್ಳೆಯಲ್ಲಿ ವಿದ್ಯುತ್ ತಂತಿ ತಗುಲಿ ಸತ್ತ. 1999ರಿಂದ 2011ರವರೆಗೆ ಬಲರಾಮ. 2012ರಿಂದ 2019ರವರೆಗೆ ಅರ್ಜುನ. ಅರವತ್ತು ದಾಟಿದ ಆನೆಗೆ ಭಾರ ಹೊರಿಸಬಾರದು ಅನ್ನುವ ನಿಯಮದಂತೆ ಅವನಿಗೆ ವಿಶ್ರಾಂತಿ ಕೊಟ್ಟು, 2020ರಲ್ಲಿ ಮತ್ತಿಗೋಡಿನ ಅಭಿಮನ್ಯುವಿಗೆ ಅಂಬಾರಿ ಬಂತು.

ಪ್ರತಿ ಸಲ ಹೆಸರು ಬದಲಾದಾಗಲೂ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಆದರೆ ಅದೇ ಹೊತ್ತಿಗೆ ಇನ್ನೊಂದು ಕಡೆ ಗಾದಿಯೂ ಬದಲಾಗಬೇಕು. ಬಲರಾಮನ ಬೆನ್ನಿನ ಇಳಿಜಾರು ಅರ್ಜುನನದಲ್ಲ, ಅರ್ಜುನನ ಅಗಲ ಅಭಿಮನ್ಯುವಿನದಲ್ಲ. ಅಂಬಾರಿ ಎಲ್ಲರಿಗೂ ಒಂದೇ. ಅದಕ್ಕೂ ಈ ಬೆನ್ನಿಗೂ ನಡುವಿನ ವ್ಯತ್ಯಾಸವನ್ನೆಲ್ಲ ಹುಲ್ಲೇ ತುಂಬಿಕೊಡಬೇಕು. ಒಂದು ಕಡೆ ಒಂದು ಹಿಡಿ ಕಡಿಮೆಯಾದರೆ ಅಂಬಾರಿ ವಾಲುತ್ತದೆ, ಟಿವಿ ಮುಂದೆ ಕೂತ ನಮಗೂ ಕಾಣುತ್ತದೆ. ನಮಗೆ ಕಾಣದ್ದು ಏನೆಂದರೆ ಆ ವಾಲಿದ ಕಡೆಯ ಹಗ್ಗ ಆನೆಯ ಚರ್ಮವನ್ನು ಹೇಗೆ ಉಜ್ಜುತ್ತಿದೆ ಅನ್ನುವುದು.

ವೀರನಹೊಸಹಳ್ಳಿಯಿಂದ ಗಜಪಯಣ ಹೊರಟು ಮೈಸೂರು ಸೇರಿದ ಮೇಲೆ ನಡೆಯುವ ತಾಲೀಮನ್ನು ನಾವು ಆನೆಯ ಪರೀಕ್ಷೆ ಅಂದುಕೊಳ್ಳುತ್ತೇವೆ. ಬೆನ್ನಿಗೆ ನಮ್ದಾ, ಗಾದಿ, ಅದರ ಮೇಲೆ ತೊಟ್ಟಿಲು, ತೊಟ್ಟಿಲೊಳಗೆ ಮರಳು ಮೂಟೆ. ದಿನ ಕಳೆದ ಹಾಗೆ ಮೂಟೆ ಹೆಚ್ಚುತ್ತದೆ, ಆಮೇಲೆ ಮರದ ಅಂಬಾರಿ. ಇದು ಆನೆಯಷ್ಟೇ ಗಾದಿಯ ಪರೀಕ್ಷೆಯೂ ಹೌದು. ಹೊಸ ಹುಲ್ಲು ಎಷ್ಟು ಕೂರುತ್ತದೆ, ಯಾವ ಹಗ್ಗ ಎಳೆದುಕೊಳ್ಳುತ್ತದೆ, ಎಲ್ಲಿ ಇನ್ನೊಂದು ಪದರ ಬೇಕು, ಇದೆಲ್ಲ ತಿಳಿಯುವುದು ಆ ದಿನಗಳಲ್ಲೇ. ಸಂಜೆ ಬಿಚ್ಚಿದ ಮೇಲೆ ಮಾವುತ, ಕಾವಾಡಿ ಬೆನ್ನು ಸವರಿ ನೋಡುವುದು ಸುಮ್ಮನೆ ಮುದ್ದಿಗಲ್ಲ. ಬಿಸಿ ಇದೆಯಾ, ಊದಿದೆಯಾ, ಮುಟ್ಟಿದರೆ ಸರಿಯುತ್ತದಾ... ಕೈಗೆ ಗೊತ್ತಾಗುತ್ತದೆ.

ಇದೆಲ್ಲ ಹಳೇ ಕಾಲದ ಮಾತು ಅನ್ನುವವರಿಗೆ ಒಂದು ಹೊಸ ಸಂಗತಿ. ಥಾಯ್ಲೆಂಡಿನ ಪ್ರವಾಸಿ ಆನೆಗಳ ಮೇಲೆ ಪಶುವೈದ್ಯರು ಮಾಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ನೋಡಿದ ಆನೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಪೀಠ ಕಟ್ಟಿದ್ದರಿಂದ ಆದ ಗಾಯಗಳಿದ್ದವು. ಚರ್ಮಕ್ಕೆ ನೇರವಾಗಿ ಅಕ್ಕಿ ಚೀಲ ತಾಗಿಸಿದ ಕಡೆ ಅಪಾಯ ಹೆಚ್ಚು ಅಂತಲೂ ಕಂಡುಬಂತು. ಅಂದರೆ ಮೇಲಿನ ಪೀಠ ಎಷ್ಟು ಚೆಂದ ಅನ್ನುವುದಲ್ಲ, ಬೆನ್ನಿಗೆ ತಾಗುವ ಆ ಕೊನೆಯ ಪದರ ಯಾವುದು ಅನ್ನುವುದೇ ಪ್ರಶ್ನೆ. ನಮ್ದಾ ಅನ್ನುವ ಹೆಸರು ಅದನ್ನೇ ಹೇಳುತ್ತಿತ್ತಲ್ಲವೇ? ಮೊದಲು ಬೆನ್ನಿಗೆ ತಾಗಿದ್ದು ಉಣ್ಣೆ, ಆಮೇಲೆ ಅದರ ಜಾಗಕ್ಕೆ ಬಂದದ್ದು ಗೋಣಿ. ಅಗ್ಗವಾದದ್ದು, ಕೈಗೆ ಸಿಗುವಂಥದ್ದು ಬಂದಾಗ ಭಾರ ಹೊತ್ತವರನ್ನು ಯಾರೂ ಕೇಳುವುದಿಲ್ಲ. ಇದು ಆನೆಗಷ್ಟೇ ಅನ್ವಯಿಸುವ ಮಾತೂ ಅಲ್ಲ.

ಆನೆಯ ಮೇಲೆ ಅಂಬಾರಿ ಇರಬೇಕೇ ಬೇಡವೇ ಅಂತ ಪ್ರತಿ ದಸರೆಗೂ ಚರ್ಚೆ ಏಳುತ್ತದೆ. ಪರ ಮಾತಾಡುವವರು ಪರಂಪರೆ ಅನ್ನುತ್ತಾರೆ, ವಿರೋಧಿಸುವವರು ಹಿಂಸೆ ಅನ್ನುತ್ತಾರೆ. ನನಗನ್ನಿಸುವುದು ಇಷ್ಟು: ಪರಂಪರೆ ಅನ್ನುವವರು ಪರಂಪರೆಯನ್ನು ಪೂರ್ತಿಯಾಗಿ ತೆಗೆದುಕೊಳ್ಳಲಿ. ಚಿನ್ನದ ತಗಡಿಗೆ ಪಾಲಿಷ್ ಹಾಕುವುದಷ್ಟೇ ಪರಂಪರೆಯಲ್ಲ. ಬೆನ್ನು ನೋಡಿ ಹುಲ್ಲು ತುಂಬುವ ಕೈಯೂ ಪರಂಪರೆಯೇ. ಅಂಬಾರಿ ಎತ್ತಿ ಕೂರಿಸಲು ಈಗ ಕ್ರೇನ್ ಇದೆ. ಗಾದಿ ಹೊಲಿಯಲು ಯಂತ್ರ ಬಂದಿಲ್ಲ. ಆ ಕೆಲಸ ಬಲ್ಲವರು ಎಷ್ಟು ಕಡಿಮೆಯಾಗುತ್ತಾರೋ ಅಷ್ಟೂ ಆನೆಯ ಬೆನ್ನಿಗೆ ಬೀಳುತ್ತದೆ. ಆ ವಿದ್ಯೆಗೆ ಒಬ್ಬ ಶಿಷ್ಯನನ್ನು ಕೊಡಲಾಗದಿದ್ದರೆ ಅಂಬಾರಿಯನ್ನು ಗಾಡಿಯ ಮೇಲೆ ಇಡುವುದೇ ಮರ್ಯಾದೆ.

ಬಲರಾಮ 2023ರ ಮೇ 7ರಂದು ಹೋದ. ಅದೇ ವರ್ಷ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಯಸಳೂರಿನ ಕಾಡಿನಲ್ಲಿ ಅರ್ಜುನ ಹೋದ, ಕಾಡಾನೆ ಹಿಡಿಯಲು ಕರೆದೊಯ್ದಿದ್ದಾಗ ಸಲಗದ ಜೊತೆ ಕಾದಾಡಿ. ಎಂಟು ದಸರೆ ಅಂಬಾರಿ ಹೊತ್ತ ಬೆನ್ನು ಅದು. ರಾಜ್ಯವೇ ಮರುಗಿತು, ಸ್ಮಾರಕದ ಮಾತು ಬಂತು. ಅವನು ಹೊತ್ತದ್ದನ್ನು ಎಲ್ಲರೂ ನೆನೆದರು. ಅಷ್ಟು ವರ್ಷ ಆ ಬೆನ್ನನ್ನು ಕಾಪಾಡಿಕೊಂಡು ಬಂದ ಕೈಗಳನ್ನೂ ಒಮ್ಮೆ ನೆನೆದರೆ ತಪ್ಪೇನಿಲ್ಲ.

ಮುಂದಿನ ವಿಜಯದಶಮಿಗೆ ಟಿವಿಯಲ್ಲೋ ರಸ್ತೆ ಬದಿಯಲ್ಲೋ ಜಂಬೂಸವಾರಿ ನೋಡುವಾಗ ಕಣ್ಣನ್ನು ಚಿನ್ನದಿಂದ ಸ್ವಲ್ಪ ಕೆಳಗೆ ಇಳಿಸಿ. ಜರಿ ಬಟ್ಟೆಯ ಅಂಚು ಹಾರಿದಾಗ ಒಂದು ಕ್ಷಣ ಗೋಣಿಯ ಬಣ್ಣ ಕಾಣುತ್ತದೆ. ಮೆರವಣಿಗೆ ನಿಂತಿರುವುದು ಅದರ ಮೇಲೆ.

ನಿಮ್ಮೂರಿನ ದೇವಸ್ಥಾನದ ಆನೆಗೋ, ಉತ್ಸವದ ಎತ್ತಿಗೋ, ಕುದುರೆಗೋ ಮೆತ್ತೆ ಹೊಲಿಯುವವರು ಇದ್ದರೆ ಅವರ ಕೆಲಸದ ಬಗ್ಗೆ ನೀವೂ ಬರೆಯಿರಿ. ಏನು ತುಂಬುತ್ತಾರೆ, ಯಾವಾಗ ಬಿಚ್ಚುತ್ತಾರೆ, ಅದಕ್ಕೆ ಅವರ ಬಾಯಲ್ಲಿ ಇರುವ ಹೆಸರೇನು ಅಂತ. ಇಂಥವು ಬರೆದಿಟ್ಟರೆ ಉಳಿಯುತ್ತವೆ.