ಚಕ್ಕಡಿ ಹಳಿಯೂ ಬೈಕ್ ಟೈರೂ

ಅಡ್ವೆಂಚರ್ ಬೈಕ್ ತಗೊಂಡವರು ಮೊದಲ ಎರಡು ವರ್ಷ ಬೈಕ್ ಬಗ್ಗೆ ಮಾತಾಡ್ತಾರೆ, ಆಮೇಲೆ ಟೈರ್ ಬಗ್ಗೆ. ಕಂಪನಿ ಕೊಟ್ಟ ಟೈರ್ ಸವೆದಿರತ್ತೆ. ಅಂಗಡಿಗೆ ಹೋದ್ರೆ ಮೂರು ನಮೂನೆ ತಂದು ಎದುರಿಗಿಡ್ತಾರೆ: ಒಂದು 80:20, ಒಂದು 50:50, ಇನ್ನೊಂದು 20:80. ಮೊದಲನೇ ಅಂಕಿ ಡಾಂಬರಿಗೆ, ಎರಡನೆಯದು ಕಚ್ಚಾ ದಾರಿಗೆ. ನೋಡೋಕೆ ಲ್ಯಾಬಿನಲ್ಲಿ ಅಳೆದ ಹಾಗೆ ಕಂಡರೂ ಇದಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲು ಅಂತ ಒಂದಿಲ್ಲ. ಟೈರ್ ಮಾಡಿದವರೇ ಹೇಳಿಕೊಳ್ಳೋ ಮಾತು ಅದು. ಹಾಗಾಗಿ ನಮ್ಮಲ್ಲಿ ಬಹಳ ಜನ ಏನ್ ಮಾಡ್ತೀವಿ? ದಪ್ಪ ದಪ್ಪ ಗಡ್ಡೆ ಇರೋದು ಫೋಟೋದಲ್ಲಿ ಚೆನ್ನಾಗಿ ಕಾಣತ್ತೆ ಅಂತ ಅದನ್ನೇ ಹಾಕಿಸಿಕೊಂಡು ಬರ್ತೀವಿ.

ಈಗ ಒಂದು ಪ್ರಯಾಣ ಊಹಿಸಿಕೊಳ್ಳಿ. ಕೆಲಸ ಬೆಂಗಳೂರಲ್ಲಿ, ಊರು ಚಿಮ್ಮಡ. ಬಾಗಲಕೋಟೆ ಜಿಲ್ಲೆಯಲ್ಲಿ, ರಬಕವಿ-ಬನಹಟ್ಟಿ ಕಡೆಯ ಹಳ್ಳಿ. ತುಮಕೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿವರೆಗೆ ಹೆದ್ದಾರಿ, ಆಮೇಲೂ ಡಾಂಬರೇ. ಎಲ್ಲಾ ಸೇರಿ ಐನೂರು ಕಿಲೋಮೀಟರಿಗಿಂತ ಹೆಚ್ಚು. ಕೊನೆಗೆ ಹೊಲದ ಮನೆಗೆ ಹೋಗೋಕೆ ಒಂದೆರಡು ಕಿಲೋಮೀಟರ್ ಎರಿ ಮಣ್ಣಿನ ದಾರಿ. ಈ ಸವಾರನಿಗೆ ಯಾವ ಟೈರ್ ಸರಿ? ಲೆಕ್ಕದ ಪ್ರಕಾರ 99:1. ಆದ್ರೆ ಆ ಒಂದರಲ್ಲೇ ಬೈಕ್ ಹೂತುಕೊಳ್ಳೋದು.

ಈ ಪ್ರಶ್ನೆ ಬೈಕಿಗಿಂತ ಬಹಳ ಹಳೇದು. ಆ ಸೀಮೆಯ ಬಡಿಗೇರರೂ ಕಂಬಾರರೂ ಚಕ್ಕಡಿ ಗಾಲಿ ಮಾಡುವಾಗ ಇದೇ ಪ್ರಶ್ನೆ ಎದುರಿಸಿದ್ದರು. ಟೈರಿಗೆ ಕನ್ನಡ ಪದ ಇಲ್ಲ ಅಂತ ನಾವು ಅಂದುಕೊಂಡಿದ್ದೀವಲ್ಲ, ಇದೆ. ಗಾಲಿಯ ಸುತ್ತ ಬಿಗಿದ ಕಬ್ಬಿಣದ ಪಟ್ಟಿಗೆ ಹಳಿ ಅಂತಾರೆ. ರೈಲು ಬಂದ ಮೇಲೆ ಅದೇ ಹೆಸರು ಕಂಬಿಗೂ ಹೋಯ್ತು. ಇಂಗ್ಲಿಷಿನಲ್ಲೂ ಟೈರ್ ಅಂದ್ರೆ ಮೊದಲು ಇದೇ ಕಬ್ಬಿಣದ ಪಟ್ಟಿ. ರಬ್ಬರ್ ಆಮೇಲೆ ಬಂದದ್ದು.

ಹಳಿ ಕಟ್ಟೋದು ಒಂದು ದಿನದ ಕೆಲಸ, ನೋಡೋಕೆ ಊರೇ ಸೇರುವಂಥದ್ದು. ಪಟ್ಟಿಯನ್ನ ಬಾಗಿಸಿ ಬಳೆ ಮಾಡ್ತಾರೆ, ಆದ್ರೆ ಗಾಲಿಗಿಂತ ಒಂಚೂರು ಚಿಕ್ಕದಾಗಿ. ಕುಳ್ಳು, ಕಟ್ಟಿಗೆ ಒಟ್ಟಿ ಸುತ್ತಲೂ ಬೆಂಕಿ ಹಾಕಿದ್ರೆ ಕಬ್ಬಿಣ ಕಾದು ಹಿಗ್ಗತ್ತೆ. ಇಕ್ಕಳದಲ್ಲಿ ಹಿಡಿದು ಗಾಲಿಗೆ ಕೂರಿಸಿ, ಸುತ್ತಿಗೆಯಲ್ಲಿ ಬಡಿದು, ಮರ ಸುಟ್ಟು ಹೋಗೋ ಮುಂಚೆ ನೀರು ಸುರೀತಾರೆ. ಕಬ್ಬಿಣ ಕುಗ್ಗಿ ಗುಂಬ, ಅರ, ಸುತ್ತುಗಟ್ಟು ಎಲ್ಲವನ್ನೂ ಒಟ್ಟಿಗೆ ಬಿಗಿದು ಹಿಡಿಯತ್ತೆ. ಒಂದು ಮೊಳೆ ಇಲ್ಲದೇ ನಿಲ್ಲುವ ಬಿಗಿ ಅದು.

ಈ ಹಳಿ ಕಿರಿದು, ಗಾಲಿ ಎತ್ತರ. ಎರಡಕ್ಕೂ ಕಾರಣ ಇದೆ. ಎತ್ತರದ ಗಾಲಿ ತಗ್ಗಿನಲ್ಲಿ ಬಿದ್ದರೂ ಸುಲಭವಾಗಿ ಹತ್ತಿ ಬರತ್ತೆ. ಕಿರಿದಾದ ಹಳಿ ಮೇಲಿನ ಕೆಸರನ್ನ ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಹುಡುಕತ್ತೆ. ಗಟ್ಟಿ ನೆಲ ಹತ್ತಿರ ಇದ್ರೆ ಗೆದ್ದ ಹಾಗೆ. ಇಲ್ಲದಿದ್ರೆ ಗುಂಬದವರೆಗೂ ಇಳಿಯತ್ತೆ, ಆಗ ಎತ್ತಿನ ಹೆಗಲೇ ಗತಿ.

ಎರಿ ಮಣ್ಣಿನ ಗುಣ ಗೊತ್ತಿಲ್ಲದವರಿಗೆ ಎರಡು ಮಾತು. ಕೃಷ್ಣಾ, ಘಟಪ್ರಭಾ ನಡುವಿನ ಈ ಕಪ್ಪು ನೆಲದಲ್ಲಿ ನೀರು ಕುಡಿದ್ರೆ ಹಿಗ್ಗುವ, ಒಣಗಿದ್ರೆ ಕುಗ್ಗುವ ಜೇಡಿ ಅಂಶ ಬಹಳ. ಬೇಸಿಗೆಯಲ್ಲಿ ಕಾಲು ಸಿಕ್ಕಿಹಾಕಿಕೊಳ್ಳುವಂಥ ಬಿರುಕು, ಕಲ್ಲಿನಂಥ ಹೆಂಟೆ. ಒಂದು ಒಳ್ಳೇ ಮಳೆ ಬಿದ್ರೆ ಅದೇ ನೆಲ ಅಂಟು. ಚಪ್ಪಲಿ ಹಾಕಿ ಹತ್ತು ಹೆಜ್ಜೆ ನಡೆದ್ರೆ ಒಂದೊಂದು ಕಾಲು ಒಂದೊಂದು ಕಿಲೋ ಆಗತ್ತೆ. ಅಂದ್ರೆ ಒಂದೇ ದಾರಿ ಜೂನ್ ಮೊದಲ ವಾರ ಒಂದು ಥರ, ಎರಡನೇ ವಾರ ಇನ್ನೊಂದು ಥರ. ಆಫ್‌ರೋಡ್ ಅನ್ನೋ ಒಂದೇ ಪದದೊಳಗೆ ಇವೆರಡನ್ನೂ ತುಂಬಿದ್ರೆ ಟೈರ್ ಆಯ್ಕೆ ಶುರುವಿನಲ್ಲೇ ತಪ್ಪತ್ತೆ.

ಇನ್ನೊಂದು ವಿಷಯ ಗಮನಿಸಿ. ಚಕ್ಕಡಿಯ ಗಾಲಿಗೆ ಹಿಡಿತ ಬೇಕಾಗಿರಲಿಲ್ಲ. ಅದು ಉರುಳಿದ್ರೆ ಸಾಕು. ನೆಲ ಹಿಡಿದು ಎಳೆಯೋ ಕೆಲಸ ಎತ್ತಿನ ಗೊರಸಿನದ್ದು. ಆ ಸೀಳು ಗೊರಸು ಕೆಸರಲ್ಲಿ ಊರಿದಾಗ ಅಗಲವಾಗತ್ತೆ, ಎತ್ತುವಾಗ ಕೂಡಿಕೊಳ್ಳತ್ತೆ. ರಸ್ತೆಗೆ ಹೋಗೋ ಎತ್ತಾದ್ರೆ ಗೊರಸಿಗೆ ಲಾಳ. ಬೈಕಿನಲ್ಲಿ ಈ ಎರಡೂ ಕೆಲಸ ಒಂದೇ ಕಡೆ ಬಂದು ಬಿದ್ದಿವೆ. ಹಿಂದಿನ ಟೈರ್ ಗಾಲಿಯೂ ಹೌದು, ಗೊರಸೂ ಹೌದು. ಉರುಳೋಕೆ ನುಣುಪು ಬೇಕು, ಎಳೆಯೋಕೆ ಹಲ್ಲು ಬೇಕು. ಎರಡೂ ಉದ್ದೇಶದ ಟೈರಿನ ಎಲ್ಲಾ ತಕರಾರು ಇಷ್ಟೇ.

ಹೊಲಕ್ಕೆ ಒಗ್ಗಿದ ಹಳಿ ರಸ್ತೆಗೆ ಶತ್ರುವಾಯ್ತು. ಭಾರ ಹೊತ್ತ ಕಿರಿದಾದ ಕಬ್ಬಿಣ ರಸ್ತೆಯ ಮೇಲೆ ಹೋದ್ರೆ ಉಳಿ ಹೊಡೆದ ಹಾಗೆ. ಇದು ನಮ್ಮೂರಿನದಷ್ಟೇ ಕತೆ ಅಲ್ಲ. 1753ರಲ್ಲೇ ಬ್ರಿಟನ್ನಿನ ಸಂಸತ್ತು, ಸುಂಕದ ರಸ್ತೆಗಳಲ್ಲಿ ಓಡಾಡುವ ಭಾರಿ ಗಾಡಿಗಳ ಗಾಲಿ ಒಂಬತ್ತು ಇಂಚು ಅಗಲ ಇರಬೇಕು ಅಂತ ಕಾಯ್ದೆ ಮಾಡಿತ್ತು. ನಮ್ಮಲ್ಲಿ ಮೋಟಾರು ಹೆಚ್ಚಾದಂತೆ, 1927ರಲ್ಲಿ ಎಂ.ಆರ್. ಜಯಕರ್ ಅಧ್ಯಕ್ಷತೆಯಲ್ಲಿ ರಸ್ತೆ ಸಮಿತಿ ಬಂತು. ಅದರ ಶಿಫಾರಸಿನಿಂದ 1929ರಲ್ಲಿ ಪೆಟ್ರೋಲ್ ಮೇಲಿನ ಸುಂಕದ ಹಣದಲ್ಲಿ ಕೇಂದ್ರ ರಸ್ತೆ ನಿಧಿ, 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿದವು. ಎಂಜಿನಿಯರುಗಳಿಗೆ ಆ ಕಾಲದಲ್ಲಿ ದೊಡ್ಡ ತಲೆನೋವೇ ಇದು: ಒಂದೇ ರಸ್ತೆ ಮೇಲೆ ರಬ್ಬರ್ ಟೈರಿನ ಮೋಟಾರು, ಕಬ್ಬಿಣದ ಹಳಿಯ ಗಾಡಿ. ಒಂದಕ್ಕೆ ಹೊಂದುವ ರಸ್ತೆ ಇನ್ನೊಂದಕ್ಕೆ ಹೊಂದಲ್ಲ.

ಪರಿಹಾರ ಬಂದದ್ದು ಒಬ್ಬ ದನದ ಡಾಕ್ಟರ ಹೆಸರಿನಲ್ಲಿ. ಜಾನ್ ಬಾಯ್ಡ್ ಡನ್ಲಪ್ ಬೆಲ್‌ಫಾಸ್ಟಿನ ಪಶುವೈದ್ಯ. 1888ರಲ್ಲಿ ಮಗನ ಮೂರು ಗಾಲಿಯ ಸೈಕಲ್ ಕುಲುಕಾಟ ತಪ್ಪಿಸೋಕೆ ಗಾಳಿ ತುಂಬಿದ ರಬ್ಬರ್ ಕೊಳವೆ ಸುತ್ತಿ, ಪೇಟೆಂಟ್ ಮಾಡಿಸಿಕೊಂಡ. ಆಮೇಲೆ ಗೊತ್ತಾಯ್ತು, ರಾಬರ್ಟ್ ವಿಲಿಯಂ ಥಾಮ್ಸನ್ ಅನ್ನೋ ಸ್ಕಾಟ್‌ಲೆಂಡಿನವನು 1845ರಲ್ಲೇ ಇದನ್ನ ಮಾಡಿದ್ದ ಅಂತ. ಡನ್ಲಪ್ ಪೇಟೆಂಟ್ ಬಿದ್ದುಹೋಯ್ತು, ಹೆಸರು ಉಳೀತು. 1936ರಲ್ಲಿ ಬಂಗಾಳದ ಸಹಾಗಂಜ್‌ನಲ್ಲಿ ಡನ್ಲಪ್ ಕಾರ್ಖಾನೆ ಶುರುವಾಯ್ತು. ರಬ್ಬರ್ ಗಾಲಿಯ ಎತ್ತಿನ ಬಂಡಿ ಹಳ್ಳಿಗೆ ಬಂದಾಗ ಜನ ಅದನ್ನ ಟೈರ್‌ಗಾಡಿ ಅಂದ್ರು, ಎಷ್ಟೋ ಕಡೆ ಡನ್ಲಪ್ ಗಾಡಿ ಅಂತಲೇ ಕರೆದ್ರು. ದನಗಳ ಡಾಕ್ಟರು ಮಗನಿಗೆ ಮಾಡಿದ್ದು ಕೊನೆಗೆ ದನಗಳ ಹೆಗಲನ್ನೇ ಹಗುರ ಮಾಡ್ತು. ಅದೇ ಜೋಡಿ ಎತ್ತು ಡಾಂಬರಿನ ಮೇಲೆ ಹೆಚ್ಚು ಭಾರ ಎಳೆಯೋಕೆ ಶುರು ಮಾಡಿದ್ವು.

ಆದ್ರೂ ಹಳಿ ಗಾಡಿ ರಾತ್ರೋರಾತ್ರಿ ಮಾಯವಾಗಲಿಲ್ಲ. ಟೈರ್‌ಗಾಡಿಗೆ ರೊಕ್ಕ ಹೆಚ್ಚು. ಜಾಲಿ ಮುಳ್ಳು ಚುಚ್ಚಿದ್ರೆ ಪಂಕ್ಚರ್ ಹಾಕೋನು ಹೊಲದಲ್ಲಿ ಸಿಗಲ್ಲ. ಹಳಿ ಸಡಿಲಾದ್ರೆ ಊರ ಕಂಬಾರ ಇದ್ದಾನೆ. ಬೆಂಗಳೂರಿನ ಐಐಎಂ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ 1970ರ ದಶಕದಲ್ಲಿ ಎತ್ತಿನ ಗಾಡಿಯನ್ನ ಗಂಭೀರವಾಗಿ ಅಧ್ಯಯನ ಮಾಡಿದ್ರು. ಮ್ಯಾನೇಜ್‌ಮೆಂಟ್ ಶಾಲೆಯವರಿಗೆ ಎತ್ತಿನ ಗಾಡಿ ಯಾಕೆ ಅಂತ ನಕ್ಕವರೂ ಇದ್ದಾರು. ಅವರು ಕೇಳಿದ ಪ್ರಶ್ನೆ ಮಾತ್ರ ಸರಿಯಾಗಿತ್ತು: ಕೆಟ್ಟ ಗಾಲಿಯ ಖರ್ಚನ್ನ ಕೊಡ್ತಾ ಇರೋದು ಯಾರು? ಎತ್ತಿನ ಕುತ್ತಿಗೆ, ರೈತನ ಜೇಬು, ಸರ್ಕಾರದ ರಸ್ತೆ. ಟೈರ್ ಯಾವುದೇ ಇರಲಿ, ಎಲ್ಲೋ ಒಂದು ಕಡೆ ಯಾರೋ ಒಬ್ಬರು ಬೆಲೆ ಕೊಡ್ತಾರೆ.

ಟ್ರ್ಯಾಕ್ಟರ್ ಕತೆಯೂ ಇದೇ. ಹಳೇ ಟ್ರ್ಯಾಕ್ಟರುಗಳಿಗೆ ಕಬ್ಬಿಣದ ಗಾಲಿ, ಅದಕ್ಕೆ ಚೂಪಾದ ಹಲ್ಲು. ಹೊಲದಲ್ಲಿ ಭರ್ಜರಿ, ರಸ್ತೆಗೆ ಬಂದ್ರೆ ರಸ್ತೆ ಉತ್ತುಬಿಡ್ತಿತ್ತು. 1932ರಲ್ಲಿ ಅಮೆರಿಕದ ಆಲಿಸ್-ಚಾಮರ್ಸ್ ಕಂಪನಿ ಫೈರ್‌ಸ್ಟೋನ್ ಜೊತೆ ಸೇರಿ ಗಾಳಿ ಟೈರಿನ ಟ್ರ್ಯಾಕ್ಟರ್ ತಂತು. ಇವತ್ತು ಕಬ್ಬಿನ ಹಂಗಾಮಿನಲ್ಲಿ ಮಹಾಲಿಂಗಪುರ, ಸಮೀರವಾಡಿ ಕಡೆ ಹೋಗೋ ಟ್ರ್ಯಾಕ್ಟರಿನ ಹಿಂದಿನ ಟೈರ್ ನೋಡಿ. ಓರೆಯಾದ ಎತ್ತರದ ಹಲ್ಲು, ನಡುವೆ ಅಗಲ ಸಂದು. ಹಲ್ಲು ಮಣ್ಣು ಕಚ್ಚತ್ತೆ, ಸಂದು ಮಣ್ಣನ್ನ ಪಕ್ಕಕ್ಕೆ ಎಸೆಯತ್ತೆ. ಮುಂದಿನ ಟೈರಿನಲ್ಲಿ ಆ ಹಲ್ಲಿಲ್ಲ, ಸುತ್ತಲೂ ಉದ್ದುದ್ದ ಗೆರೆ. ಅದರ ಕೆಲಸ ಎಳೆಯೋದಲ್ಲ, ತಿರುಗಿಸೋದು.

ನಮ್ಮ ಹಳೇ ಬೈಕುಗಳಲ್ಲೂ ಇದೇ ಕೆಲಸ ಹಂಚಿಕೆ ಇತ್ತು. ಐಡಿಯಲ್ ಜಾವಾ ಮೈಸೂರಿನಲ್ಲಿ 1961ರಿಂದ ಬೈಕ್ ಮಾಡ್ತು, ಆಮೇಲೆ ಅದೇ ಯೆಜ್ಡಿ ಆಯ್ತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಆ ತಲೆಮಾರಿನ ಬೈಕಿಗೆ ಮುಂದೆ ಗೆರೆ ಟೈರ್, ಹಿಂದೆ ಗಟ್ಟಿ ಗಟ್ಟಿ ಚೌಕದ ಟೈರ್ ಹಾಕೋದು ಮಾಮೂಲಿ. ಆನ್‌ರೋಡ್, ಆಫ್‌ರೋಡ್ ಅಂತ ಯಾರೂ ಅನ್ನಲಿಲ್ಲ. ಇದ್ದ ರಸ್ತೆಯೇ ಹಾಗಿತ್ತು. ರಸ್ತೆ ಒಳ್ಳೇದಾದ ಮೇಲೆ ಟೈರ್ ಎರಡು ಜಾತಿಯಾಯ್ತು. ಆಮೇಲೆ ಅವನ್ನ ಮತ್ತೆ ಕೂಡಿಸೋ ಆಸೆ ಬಂತು. 1968ರಲ್ಲಿ ಯಮಹಾ ಡಿಟಿ-1 ಬಂತು. 1980ರಲ್ಲಿ ಬಿಎಂಡಬ್ಲ್ಯು ಆರ್80 ಜಿ/ಎಸ್. ಆ ಎರಡು ಅಕ್ಷರದ ಅರ್ಥವೇ ಜರ್ಮನ್ ಭಾಷೆಯಲ್ಲಿ ಕಾಡುಮೇಡು, ರಸ್ತೆ. ಮರುವರ್ಷ 1981ರಲ್ಲಿ ಅದೇ ಮಾದರಿ ಪ್ಯಾರಿಸ್-ಡಾಕರ್ ಗೆದ್ದ ಮೇಲೆ ಪ್ರಪಂಚಕ್ಕೆಲ್ಲ ಹುಚ್ಚು ಹಿಡೀತು. ನಮ್ಮಲ್ಲಿ 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಹೀರೋ ಎಕ್ಸ್‌ಪಲ್ಸ್ 200, 2022ರಲ್ಲಿ ಮರಳಿ ಬಂದ ಯೆಜ್ಡಿ ಹೆಸರಿನಲ್ಲಿ ಅಡ್ವೆಂಚರ್. ಮೂರಕ್ಕೂ ಮುಂದೆ 21 ಇಂಚಿನ ಗಾಲಿ. ಹಿಮಾಲಯನ್ ಮುಂದಿನ ಟೈರಿನ ಅಳತೆ 90/90-21. ಅಂದ್ರೆ ಅಗಲ 90 ಮಿ.ಮೀ., ಎತ್ತರ ಆ ಅಗಲದ 90 ಪರ್ಸೆಂಟ್, ರಿಮ್ 21 ಇಂಚು. ಎತ್ತರ, ಕಿರಿದು. ಚಕ್ಕಡಿ ಬಡಿಗೇರನಿಗೆ ತೋರಿಸಿದ್ರೆ ಕಾರಣ ಕೇಳ್ತಾನೇ ಇರಲಿಲ್ಲ.

ಸರಿ, ಈಗ ಅಂಗಡಿಗೆ ವಾಪಸ್ ಬರೋಣ. 50:50 ಟೈರಿನ ಗಡ್ಡೆಗಳ ನಡುವೆ ಸಂದು ಜಾಸ್ತಿ, ಅಂದ್ರೆ ಡಾಂಬರಿಗೆ ತಾಗೋ ರಬ್ಬರ್ ಕಡಿಮೆ. ಬ್ರೇಕ್ ಹಿಡಿದಾಗ, ತಿರುವಿನಲ್ಲಿ ವಾಲಿದಾಗ ಆ ಗಡ್ಡೆ ಬಾಗತ್ತೆ. ಒದ್ದೆ ಡಾಂಬರಿನಲ್ಲಿ ಬೈಕ್ ನಿಲ್ಲೋಕೆ ಹೆಚ್ಚು ಜಾಗ ಬೇಕು. ಸವೆಯೋದೂ ಬೇಗ, ಸದ್ದೂ ಜಾಸ್ತಿ. 80:20 ಟೈರ್ ಇದಕ್ಕೆ ಉಲ್ಟಾ. ಹೆದ್ದಾರಿಯಲ್ಲಿ ನೆಮ್ಮದಿ, ಒಣ ಎರಿ ದಾರಿಯಲ್ಲಿ, ಗರಸು ದಾರಿಯಲ್ಲೂ ನಡೆಯತ್ತೆ. ಹಸಿ ಎರಿಯಲ್ಲಿ ಸಂದು ತುಂಬಿ ನುಣ್ಣಗಾಗಿ ಜಾರತ್ತೆ. ಹಾಗಂತ 50:50 ಗೆಲ್ಲತ್ತಾ? ಅದೂ ಗೆಲ್ಲಲ್ಲ, ಸ್ವಲ್ಪ ದೂರ ಹೆಚ್ಚು ಹೋಗತ್ತೆ ಅಷ್ಟೇ. ಸಂದಿನ ಮಣ್ಣು ಎಸೆಯೋಕೆ ಗಾಲಿ ಜೋರಾಗಿ ತಿರುಗಬೇಕು. ಆ ಅಂಟಿನಲ್ಲಿ ಜೋರಾಗಿ ತಿರುಗಿಸಿದ್ರೆ ಗುಂಡಿ ತೋಡಿದ ಹಾಗೆ. ಮಡ್‌ಗಾರ್ಡ್ ಒಳಗೆ ಮಣ್ಣು ಮೆತ್ತಿ ಗಾಲಿಯೇ ನಿಂತುಬಿಡತ್ತೆ.

ಹಾಗಾಗಿ ನಾನು ಪರ್ಸೆಂಟ್ ಲೆಕ್ಕ ಬಿಟ್ಟು ಇನ್ನೊಂದು ಲೆಕ್ಕ ಹಾಕ್ತೀನಿ: ಈ ಟೈರ್ ಎಲ್ಲಿ ಸೋಲತ್ತೆ, ಸೋತಾಗ ನನ್ನ ಸ್ಪೀಡ್ ಎಷ್ಟಿರತ್ತೆ? ಹೊಲದ ದಾರಿಯಲ್ಲಿ ಗಂಟೆಗೆ ಹತ್ತು ಕಿಲೋಮೀಟರಿನಲ್ಲಿ ಜಾರಿದ್ರೆ ಪ್ಯಾಂಟ್ ಹೊಲಸಾಗತ್ತೆ, ನೋಡಿದ ಹುಡುಗರು ನಗ್ತಾರೆ. ಹೆದ್ದಾರಿಯಲ್ಲಿ ಎಂಬತ್ತರಲ್ಲಿ ಜಾರಿದ್ರೆ ಮನೆಗೆ ಬೇರೆ ಯಾರೋ ಫೋನ್ ಮಾಡ್ತಾರೆ. ಕಬ್ಬಿನ ಹಂಗಾಮಿನಲ್ಲಿ ಈ ಭಾಗದ ಡಾಂಬರು ಕೂಡ ಪೂರ್ತಿ ಡಾಂಬರಲ್ಲ. ಟ್ರ್ಯಾಕ್ಟರ್ ಟೈರಿನಿಂದ ಉದುರಿದ ಎರಿ ಮಣ್ಣು, ಮೇಲೆ ರವದಿ, ಅದರ ಮೇಲೆ ಮುಂಜಾನೆಯ ಇಬ್ಬನಿ. ರಾತ್ರಿ ಎಲ್ಲಾ ಗಾಡಿ ಓಡಿಸಿ ಊರು ಇನ್ನೇನು ಬಂತು ಅಂತ ಮೈಮರೆಯೋ ಹೊತ್ತಿಗೇ ಇದು ಎದುರಾಗತ್ತೆ. ಅಲ್ಲಿ ಬೇಕಾಗೋದು ದಪ್ಪ ಗಡ್ಡೆ ಅಲ್ಲ, ನೆಲಕ್ಕೆ ತಾಗೋ ರಬ್ಬರು, ಮತ್ತೆ ಕಡಿಮೆ ಸ್ಪೀಡು.

ಚಿಮ್ಮಡದ ಆ ಸವಾರನಿಗೆ ನನ್ನ ಸಲಹೆ 80:20. ಬೈಕ್ ಕಂಪನಿ ಹೇಳಿದ ಅಳತೆ, ಭಾರದ ಸೂಚ್ಯಂಕ, ಸ್ಪೀಡ್ ಅಕ್ಷರ ಹೊಂದಿಸಿ ನೋಡಿ. ಪಕ್ಕದಲ್ಲಿ ನಾಲ್ಕಂಕಿ ಇರತ್ತೆ. 2324 ಅಂದ್ರೆ 2024ರ 23ನೇ ವಾರ ತಯಾರಾದದ್ದು. ವರ್ಷಗಟ್ಟಲೆ ಗೋಡೌನಿನಲ್ಲಿ ಕೂತ ಟೈರ್ ಹೊಳೀತಾ ಇದ್ರೂ ಬೇಡ ಅನ್ನಿ. ಬಾಣದ ಗುರುತು ಇದ್ರೆ ಗಾಲಿ ತಿರುಗೋ ದಿಕ್ಕಿಗೇ ಹಾಕಿಸಿ. ಕಚ್ಚಾ ದಾರಿಗೆ ಗಾಳಿ ಸ್ವಲ್ಪ ಇಳಿಸಿದ್ರೆ ಹಿಡಿತ ಹೆಚ್ಚತ್ತೆ ನಿಜ, ಆದ್ರೆ ಡಾಂಬರಿಗೆ ಬಂದ ಕೂಡಲೇ ತುಂಬಿಸಬೇಕು. ಅದಕ್ಕೊಂದು ಸಣ್ಣ ಪಂಪ್ ಬ್ಯಾಗಿನಲ್ಲಿರಲಿ. ಹೊಸ ಟೈರನ್ನ ಮೊದಲ ನೂರೈವತ್ತು ಕಿಲೋಮೀಟರ್ ಮೆತ್ತಗೆ ಓಡಿಸಿ, ಮೇಲಿನ ಜಿಡ್ಡು ಹೋಗಲಿ. ವಾರಕ್ಕೆ ಮೂರು ದಿನ ಹೊಲದ ದಾರಿಯಲ್ಲೇ ಓಡಾಡೋರು 50:50 ಹಾಕಿಕೊಳ್ಳಲಿ, ತಪ್ಪಿಲ್ಲ. ಆದ್ರೆ ಹೆದ್ದಾರಿಗೆ ಬಂದಾಗ ಬ್ರೇಕ್ ಅಂತರ ಬೇರೆ ಅಂತ ನೆನಪಿಡಬೇಕು.

ಮತ್ತೆ ಆ ಕೊನೆಯ ಎರಡು ಕಿಲೋಮೀಟರ್? ಮಳೆ ಬಿದ್ದಿದ್ರೆ ಬೈಕನ್ನ ಊರಲ್ಲೇ, ಯಾರದ್ದಾದರೂ ಮನೆ ಮುಂದೆ ನಿಲ್ಲಿಸಿ, ಶೂ ಕೈಯಲ್ಲಿ ಹಿಡಿದು ನಡೀರಿ. ಅಷ್ಟೆಲ್ಲ ರೊಕ್ಕ ಹಾಕಿ ಟೈರ್ ಹಾಕಿಸಿ ನಡೀಬೇಕಾ ಅಂತ ಅನ್ನಿಸಬಹುದು. ಹೊಲದ ಮನೆಯಲ್ಲಿ ಹಿರಿಯರು ಯಾರಾದರೂ ಇದ್ರೆ ಕೇಳಿ ನೋಡಿ, ಅವರ ಉತ್ತರ ಬಹುಶಃ ಹೀಗಿರತ್ತೆ: "ಹಸಿ ಎರಿ ಒಳಗ ನಾವು ಚಕ್ಕಡೀನ ಹೂಡ್ತಿರ್ಲಿಲ್ಲೋ ತಮ್ಮಾ. ಎರಡ ದಿನ ತಡಿ, ನೆಲ ಆರ್ತದ."